ಹಿಂಬಾಲಿಸು: ಯಾರ ಬೆನ್ನು ಹತ್ತುವುದು?

ಧಾರವಾಡದ ಕಡೆ ಒಬ್ಬರ ಹಿಂದೆಯೇ ಹೊರಡುವುದಕ್ಕೆ ‘ಬೆನ್ನು ಹತ್ತುವುದು’ ಎನ್ನುತ್ತಾರೆ. ಸಂತೆಗೆ ಹೊರಟ ತಾಯಿಯ ಬೆನ್ನು ಹತ್ತಿದ ಮಗುವಿಗೆ ದಾರಿ ಗೊತ್ತಿರುವುದಿಲ್ಲ. ತಾಯಿ ಕಣ್ಣಿಗೆ ಕಾಣುತ್ತಿದ್ದರೆ ಸಾಕು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಸುವಾರ್ತೆಗಳ ‘ಹಿಂಬಾಲಿಸು’ ಎಂಬ ಪದವನ್ನು ನಾನು ಹೀಗೆಯೇ ಓದುತ್ತೇನೆ. ಗ್ರೀಕ್ ಮೂಲದ ‘ಅಕೊಲೂಥೆಯೊ’ದ ಬೇರಿನಲ್ಲಿಯೂ ದಾರಿ ಎಂಬ ಅರ್ಥವಿದೆ. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಗೆ ಯೇಸು ಹೇಳಿದ್ದು ಎರಡೇ ಪದ: ನನ್ನನ್ನು ಹಿಂಬಾಲಿಸು. ಆ ‘ನನ್ನನ್ನು’ ಎಂಬಲ್ಲಿ ಬೇರೆ ಯಾರ ಹೆಸರನ್ನೂ ಸೇರಿಸಲು ಜಾಗವಿಲ್ಲ.

‘ಅನುಕರಿಸು’ ಬೇರೆ ಪದ. ಹದಿಹರೆಯದಲ್ಲಿ ನಾನು ನಮ್ಮ ಸಭೆಯ ಹಿರಿಯರೊಬ್ಬರಂತೆ ಪ್ರಾರ್ಥಿಸುತ್ತಿದ್ದೆ. ಅವರು ತಡೆದು ನಿಲ್ಲುವಲ್ಲಿ ನಾನೂ ನಿಲ್ಲುತ್ತಿದ್ದೆ, ಅವರು ಧ್ವನಿ ಇಳಿಸುವಲ್ಲಿ ನಾನೂ ಇಳಿಸುತ್ತಿದ್ದೆ. ಒಂದು ಸಂಜೆ ಅಜ್ಜಿ ಕೇಳಿದಳು: “ಇದು ಅವರ ಪ್ರಾರ್ಥನೆ. ನಿನ್ನದು ಯಾವಾಗ?” ಆ ಹಿರಿಯರ ಮಾತುಗಳು ಅವರ ಕಣ್ಣೀರಿನಿಂದ ಬಂದಿದ್ದವು, ನನ್ನ ಬಾಯಿಗೆ ಬಂದದ್ದು ಅವುಗಳ ಸದ್ದು ಮಾತ್ರ.

ನಮ್ಮ ಸೀಮೆಯಲ್ಲಿ ಈ ವ್ಯತ್ಯಾಸ ಹೆಚ್ಚು ಮುಖ್ಯವೆಂದು ನನಗೆ ಅನಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಸುವಾರ್ತೆಯ ಜೊತೆ ಜರ್ಮನ್ ರಾಗಗಳೂ ಬಂದವು, ಆರಾಧನೆಯ ಕ್ರಮವೂ ಬಂತು. ಆ ರಾಗಗಳಲ್ಲಿ ಕನ್ನಡ ಗೀತೆಗಳನ್ನು ಹಾಡುವಾಗ ಈಗಲೂ ನನ್ನ ಮನಸ್ಸು ತುಂಬುತ್ತದೆ. ಆದರೆ ರಾಗವನ್ನು ಕಲಿತವನು ಯೇಸುವನ್ನು ಹಿಂಬಾಲಿಸಿದನೆಂದು ಹೇಳಲಾಗದು. ಕರೆ ಬಂದದ್ದು ಯೇಸು ಶಿಷ್ಯರನ್ನು ಕರೆದ ಗಲಿಲಾಯ ಸರೋವರದ ದಡದಿಂದ. ಅದು ಬಾಸೆಲ್ಲಿನ ಮೂಲಕ ನಮ್ಮನ್ನು ತಲುಪಿತು, ಅಷ್ಟೇ.

ಹಾಗಾದರೆ ಹಿರಿಯರನ್ನು ನೋಡಿ ಕಲಿಯಲೇಬಾರದೆ? ಅಪೊಸ್ತಲನಾದ ಪೌಲನೇ ಕೊರಿಂಥದ ಸಭೆಯವರಿಗೆ ತನ್ನನ್ನು ಅನುಸರಿಸಿರಿ ಎಂದು ಬರೆದಿದ್ದಾನೆ. ತಾನು ಕ್ರಿಸ್ತನನ್ನು ಅನುಸರಿಸುವಂತೆ ಎಂದೂ ಸೇರಿಸಿದ್ದಾನೆ. ಅದೇ ಪತ್ರದ ಆರಂಭದಲ್ಲಿ ‘ನಾನು ಪೌಲನವನು, ನಾನು ಅಪೊಲ್ಲೋಸನವನು’ ಎಂದು ಗುಂಪು ಕಟ್ಟಿದವರನ್ನು ಗದರಿಸುತ್ತಾನೆ. ಕಸೂತಿ ಹಾಕುವ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋಪುರವನ್ನೋ ತೇರನ್ನೋ ಪಕ್ಕದವಳ ಸೆರಗಿನಲ್ಲಿ ನೋಡಿ ಕಲಿಯಬಹುದು, ಎಳೆಗಳನ್ನು ಮಾತ್ರ ತನ್ನ ಬಟ್ಟೆಯ ಮೇಲೆಯೇ ಎಣಿಸಬೇಕು. ಅವಳು ಒಂದು ಎಳೆ ತಪ್ಪಿದ್ದರೆ, ಅವಳನ್ನೇ ನೋಡುತ್ತ ಹೊಲಿದವಳ ತೇರೂ ವಾಲುತ್ತದೆ.

ಈ ಪದ ನನಗೆ ಅತ್ಯಂತ ಹತ್ತಿರವಾಗುವುದು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ. ಪೇತ್ರ ಹಿಂತಿರುಗಿ ನೋಡುತ್ತಾನೆ. ಯೇಸುವಿಗೆ ಪ್ರಿಯನಾದ ಶಿಷ್ಯನೂ ಬರುತ್ತಿದ್ದಾನೆ. ಇವನ ಗತಿಯೇನು ಎಂದು ಪೇತ್ರ ಕೇಳುತ್ತಾನೆ. ನಾನು ಬರುವವರೆಗೆ ಇವನು ಉಳಿದಿರಬೇಕೆಂದು ನನಗೆ ಮನಸ್ಸಿದ್ದರೆ ಅದು ನಿನಗೇನು, ನೀನು ನನ್ನನ್ನು ಹಿಂಬಾಲಿಸು ಎನ್ನುತ್ತಾನೆ ಯೇಸು. ಇದಾದ ಮೇಲೆ ಸಹೋದರರ ನಡುವೆ ಹಬ್ಬಿದ ಸುದ್ದಿ ಮಾತ್ರ ಬೇರೆಯೇ: ಆ ಶಿಷ್ಯನಿಗೆ ಸಾವಿಲ್ಲವಂತೆ.