ದೇಹಕ್ಕೆ ಗುಳಿಗೆ ಒಗ್ಗಿಹೋಯಿತೇ?

ಪ್ರಶ್ನೆ: ಹೋದ ವರ್ಷ ಉರಿಮೂತ್ರಕ್ಕೆ ಕೊಟ್ಟ ಗುಳಿಗೆ ಎರಡೇ ದಿನದಲ್ಲಿ ಗುಣ ಕೊಟ್ಟಿತ್ತು. ಈ ಬೇಸಿಗೆಯಲ್ಲಿ ಮತ್ತೆ ಬಂತು. ಅದೇ ಗುಳಿಗೆ ತರಿಸಿ ನುಂಗಿದೆ, ನಾಲ್ಕು ದಿನವಾದರೂ ಉರಿ ಹೋಗಿಲ್ಲ. ನನ್ನ ದೇಹಕ್ಕೆ ಅದು ಒಗ್ಗಿಹೋಯಿತೇ?
(ಓದುಗರೊಬ್ಬರು, ಆಳಂದ ತಾಲ್ಲೂಕು)

ಒಗ್ಗಿರುವುದು ನಿಮ್ಮ ದೇಹಕ್ಕಲ್ಲ ತಾಯಿ, ರೋಗಾಣುವಿಗೆ.

ತೊಗರಿ ಬೆಳೆಯುವ ನಿಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿಕೊರಕಕ್ಕೆ ವರ್ಷವೂ ಒಂದೇ ಎಣ್ಣೆ ಹೊಡೆದರೆ ಸಾಯುವ ಹುಳು ಸಾಯುತ್ತದೆ, ತಾಳಿಕೊಂಡದ್ದು ಮರಿ ಮಾಡುತ್ತದೆ. ಉರಿಮೂತ್ರಕ್ಕೆ ಬಹುಪಾಲು ಕಾರಣವಾದ ಇ. ಕೊಲೈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಅದು ಮುಂದಿನ ಹಂಗಾಮಿಗೂ ಕಾಯುವುದಿಲ್ಲ.

ಅದರ ವಾಸ ನಮ್ಮ ಕರುಳಿನಲ್ಲಿ. ನೆಗಡಿಗೆಂದು ನುಂಗಿದ ಆಂಟಿಬಯಾಟಿಕ್ ನೆಗಡಿಯ ವೈರಸ್ಸಿಗೆ ಏನೂ ಮಾಡದು; ಕರುಳಿನಲ್ಲಿ ಮಾತ್ರ ಮೆತ್ತಗಿನವನ್ನು ಕೊಂದು ಗಟ್ಟಿಯವನ್ನು ಉಳಿಸುತ್ತದೆ. ಆ ಗಟ್ಟಿಯವು ತಮ್ಮ ಗುಣದ ಜೀನನ್ನು ಪಕ್ಕದವಕ್ಕೂ ದಾಟಿಸುತ್ತವೆ. ಅವೇ ಮೂತ್ರಕೋಶ ಸೇರಿದಾಗ ಹಳೆಯ ಗುಳಿಗೆ ಸೋಲುತ್ತದೆ. ಮೂತ್ರ ಪರೀಕ್ಷೆಯ ವರದಿಯಲ್ಲಿ ‘ಇಎಸ್‌ಬಿಎಲ್’ ಎಂದಿದ್ದರೆ, ಪೆನಿಸಿಲಿನ್, ಸೆಫಲೋಸ್ಪೋರಿನ್ ಬಳಗದ ಬಹುತೇಕ ಔಷಧಗಳನ್ನು ಒಡೆದುಹಾಕುವ ಕಿಣ್ವ ಆ ರೋಗಾಣುವಿನಲ್ಲಿದೆ ಎಂದರ್ಥ.

ಹಾಗಾದರೆ ಯಾವ ಗುಳಿಗೆ? ಮೂತ್ರದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಹೇಳಬೇಕು. ತಟ್ಟೆಯ ಮೇಲೆ ರೋಗಾಣು ತೆಳುವಾದ ಕೆನೆಯಂತೆ ಹರಡಿರುತ್ತದೆ. ನಡುವೆ ಔಷಧ ಹೀರಿಸಿದ ಸಣ್ಣ ಕಾಗದದ ಬಿಲ್ಲೆಗಳು. ಕೆಲಸ ಮಾಡುವ ಔಷಧದ ಸುತ್ತ ನಾಣ್ಯದಗಲ ಜಾಗ ಬರಿದಾಗಿರುತ್ತದೆ. ಸೋತ ಬಿಲ್ಲೆಯ ಅಂಚಿಗೇ ರೋಗಾಣು ಬಂದು ಕೂತಿರುತ್ತದೆ. ನಮ್ಮ ದೇಶದಲ್ಲಿ ಸಿಪ್ರೋಫ್ಲಾಕ್ಸಾಸಿನ್ ಹೀಗೆ ಸೋಲುವುದು ಸಾಮಾನ್ಯವಾಗಿದೆ. 1950ರ ದಶಕದ ನೈಟ್ರೋಫ್ಯುರಾಂಟೋಯಿನ್ ಇನ್ನೂ ಹಲವು ಸಲ ಗೆಲ್ಲುತ್ತದೆ. ಆದರೆ ಸೋಂಕು ಮೂತ್ರಪಿಂಡಕ್ಕೆ ಏರಿದ್ದರೆ ಅದು ಸಾಲದು, ಆದ್ದರಿಂದ ಹೆಸರು ಹೇಳಿ ಅಂಗಡಿಯಿಂದ ತರಿಸಬೇಡಿ.

ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ, ಅಥವಾ ಗರ್ಭಿಣಿಯಾಗಿದ್ದರೆ ಅದೇ ದಿನ ವೈದ್ಯರನ್ನು ಕಾಣಿ.

ಕಲಬುರಗಿಯ ಬಿಸಿಲಿನಲ್ಲಿ ಹೊಲಕ್ಕೆ ಹೋಗುವ ಹೆಂಗಸರು ಮರೆ ಸಿಗದೆಂದು ನೀರೇ ಕುಡಿಯದೆ ಸಂಜೆವರೆಗೆ ತಡೆದುಕೊಳ್ಳುವುದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ನೀರು ಕುಡಿಯಿರಿ, ತಡೆದುಕೊಳ್ಳಬೇಡಿ.

ವೈದ್ಯರಲ್ಲಿಗೆ ಹೋಗುವಾಗ ನುಂಗಿದ ಗುಳಿಗೆಯ ಖಾಲಿ ಪಟ್ಟಿ ಕೈಯಲ್ಲಿರಲಿ. ಅದರ ಪರಿಣಾಮದಿಂದ ಕಲ್ಚರ್‌ನಲ್ಲಿ ರೋಗಾಣು ಕಾಣದೆಯೂ ಹೋಗಬಹುದು. ಮೂತ್ರವನ್ನು ಮನೆಯಿಂದ ಬಾಟಲಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಬೇಡಿ. ಬಿಸಿಲಿಗೆ ಅದರಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಬೆಳೆದು ವರದಿ ದಾರಿ ತಪ್ಪುತ್ತದೆ. ಪ್ರಯೋಗಾಲಯದಲ್ಲೇ ಅವರು ಕೊಡುವ ಡಬ್ಬಿಯಲ್ಲಿ, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು ಕೊಡಿ.