ಸ್ಕ್ಯಾನಿನಲ್ಲಿ ಕಾಣದ ಪೆಟ್ಟು

ಪದೇ ಪದೇ ತಲೆಗೆ ಗುದ್ದು ತಿಂದ ಬಾಕ್ಸರ್‌ಗಳ ಮಾತು ತೊದಲುವುದನ್ನೂ ನಡಿಗೆ ತಪ್ಪುವುದನ್ನೂ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವರದಿ ಮಾಡಿದ್ದರು. ಗಂಡನಿಂದ ವರ್ಷಗಟ್ಟಲೆ ಹೊಡೆತ ತಿಂದ ಮಹಿಳೆಯೊಬ್ಬರ ಮಿದುಳಿನಲ್ಲೂ ಬಾಕ್ಸರ್‌ಗಳದ್ದೇ ಬಗೆಯ ಹಾನಿ ಇದ್ದುದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು 1990ರಲ್ಲಿ. ನಡುವಿನ ಆರು ದಶಕಗಳಲ್ಲಿ ಕೊರತೆಯಿದ್ದದ್ದು ಸೂಕ್ಷ್ಮದರ್ಶಕಕ್ಕಲ್ಲ, ಆಸಕ್ತಿಗೆ.

ತಲೆ ಗೋಡೆಗೆ ಅಪ್ಪಳಿಸಿದಾಗ ಬುರುಡೆ ಥಟ್ಟನೆ ನಿಲ್ಲುತ್ತದೆ. ಒಳಗಿನ ಮೆತ್ತನೆಯ ಮಿದುಳು ಮಾತ್ರ ಅದೇ ವೇಗದಲ್ಲಿ ಮುಂದೆ ಸರಿದು ತಿರುಚಿಕೊಳ್ಳುತ್ತದೆ. ಆಗ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ಆಕ್ಸಾನ್ ಎಂಬ ಎಳೆಗಳು ಜಗ್ಗುತ್ತವೆ, ಕೆಲವು ಹರಿಯುತ್ತವೆ, ಮತ್ತು ಆ ಎಳೆಗಳ ಒಳರಚನೆಯನ್ನು ಬಿಗಿಯಾಗಿ ಹಿಡಿದಿಡುವ ಟೌ ಎಂಬ ಪ್ರೋಟೀನು ಕಳಚಿಕೊಂಡು ಕಾಲಕ್ರಮದಲ್ಲಿ ಗಂಟುಗಟ್ಟಬಹುದು. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಇಷ್ಟು ಸೂಕ್ಷ್ಮವಾದ ಗಾಯ ಸಾಮಾನ್ಯ ಸಿ.ಟಿ. ಸ್ಕ್ಯಾನಿನಲ್ಲಿ ಬಹುತೇಕ ಕಾಣುವುದೂ ಇಲ್ಲ.

ಕತ್ತು ಹಿಸುಕುವುದು ಇನ್ನೂ ಮೋಸದ ಗಾಯ. ಕತ್ತಿನ ರಕ್ತನಾಳಗಳನ್ನು ಸುಮಾರು ಹತ್ತು ಸೆಕೆಂಡು ಅದುಮಿ ಹಿಡಿದರೆ ಪ್ರಜ್ಞೆ ಹೋಗುತ್ತದೆ. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಭಾಗವಂತೂ ಆಮ್ಲಜನಕದ ಕೊರತೆಯನ್ನು ತಾಳಲಾರದು. ಚರ್ಮದ ಮೇಲೆ ಗುರುತೇ ಉಳಿಯದಿರಬಹುದು. ಧಮನಿಯ ಒಳಪದರ ಸೀಳಿದ್ದರೆ ದಿನಗಳ ನಂತರವೂ ಪಾರ್ಶ್ವವಾಯು ಬಡಿಯಬಹುದು.

ಪೆಟ್ಟು ಬಿದ್ದ ಆಟಗಾರನನ್ನು ಅಂಕಣದಿಂದ ಹೊರಗೆ ಕರೆತಂದು, ಲಕ್ಷಣಗಳು ಇಳಿಯುವ ತನಕ ಮತ್ತೆ ಆಡಲು ಬಿಡುವುದಿಲ್ಲ. ಮನೆಯಲ್ಲಿ ಹೊಡೆಯುವವನು ಅಂಥ ಬಿಡುವು ಕೊಡುವುದಿಲ್ಲವಾದ್ದರಿಂದ ಮೊದಲ ಗಾಯ ಮಾಗುವ ಮುನ್ನವೇ ಎರಡನೆಯದು ಬೀಳುತ್ತದೆ. ಸಂಗಾತಿಯ ದೌರ್ಜನ್ಯಕ್ಕೊಳಗಾದ 99 ಮಹಿಳೆಯರನ್ನು ಸಂಶೋಧಕರಾದ ಈವ್ ವಲೇರಾ ಮತ್ತು ಹೊವಾರ್ಡ್ ಬೆರೆನ್‌ಬಾಮ್ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದಂತೆ, ಸುಮಾರು ಮುಕ್ಕಾಲು ಪಾಲು ಮಂದಿಗೆ ಒಮ್ಮೆಯಾದರೂ, ಅರ್ಧದಷ್ಟು ಮಂದಿಗೆ ಹಲವು ಸಲ ಮಿದುಳಿಗೆ ಗಾಯವಾಗಿತ್ತು. ಗಾಯ ಹೆಚ್ಚಿದಷ್ಟೂ ನೆನಪು ಮತ್ತು ಕಲಿಕೆ ಕುಗ್ಗಿದ್ದವು. ಇವರೆಲ್ಲರಿಗೂ ಮುಂದೆ ಮರೆಗುಳಿತನ ಬಂದೇ ಬರುತ್ತದೆಂದು ಇದರ ಅರ್ಥವಲ್ಲ. ಬಾಕ್ಸರ್‌ಗಳಲ್ಲಿ ಕಂಡ, ಟೌ ಗಂಟುಗಟ್ಟುವ ಆ ರೋಗವನ್ನು ಖಚಿತಪಡಿಸುವುದೇ ಮರಣಾನಂತರದ ಪರೀಕ್ಷೆಯಲ್ಲಿ.

ಬದುಕಿರುವಾಗಿನ ತೊಂದರೆಗಳು ಬೇರೆಯೇ ರೂಪದಲ್ಲಿ ಎದುರಾಗುತ್ತವೆ. ಗಾಯಗೊಂಡ ಮಿದುಳು ಘಟನೆಗಳ ಹಿಂದುಮುಂದನ್ನು ಕಲಸುತ್ತದೆ, ದಿನಾಂಕ ಮರೆಸುತ್ತದೆ, ಸಣ್ಣದಕ್ಕೂ ಸಿಡಿಮಿಡಿಗೊಳಿಸುತ್ತದೆ. ಠಾಣೆಯಲ್ಲೋ ನ್ಯಾಯಾಲಯದಲ್ಲೋ ಅದೇ ಸುಳ್ಳಿನ ಲಕ್ಷಣವಾಗಿ ಕಾಣುತ್ತದೆ. ವೈದ್ಯರ ಪ್ರಶ್ನೆಯೂ ಇಲ್ಲಿ ಮುಖ್ಯ. ‘ಪ್ರಜ್ಞೆ ತಪ್ಪಿತ್ತೇ?’ ಎಂದರೆ ಆಕೆ ಇಲ್ಲವೆನ್ನಬಹುದು, ಏಕೆಂದರೆ ಪ್ರಜ್ಞೆ ತಪ್ಪಿದ್ದರ ಅರಿವು ತಪ್ಪಿದವರಿಗೇ ಇರುವುದಿಲ್ಲ. ‘ಹೊಡೆದದ್ದಕ್ಕೂ ನೀವು ಎದ್ದದ್ದಕ್ಕೂ ನಡುವೆ ನೆನಪಿಗೆ ಬಾರದ ಹೊತ್ತು ಇದೆಯೇ?’ ಎಂದು ಕೇಳಿದರೆ ಉತ್ತರ ಬದಲಾಗಬಹುದು.