ಹ್ಯಾಂಡಲ್ ಕೂತಿದೆ, ಪಿನ್ ಕೂತಿದೆಯೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಶೆಡ್ಡಿನಲ್ಲಿ ಗೆಳೆಯರು ಸೇರಿ ಎರಡು ಸೀಟಿನ ಹಗುರ ವಿಮಾನ ಕಟ್ಟುತ್ತಿದ್ದೇವೆ. ಫೈಬರ್‌ಗ್ಲಾಸ್ ಕದಗಳು, ಬಿಜಾಗರಿ ಮೇಲ್ಗಡೆ ಇರುವುದರಿಂದ ಮೇಲಕ್ಕೆ ತೆರೆಯುತ್ತವೆ. ಹ್ಯಾಂಡಲ್ ತಿರುಗಿಸಿದರೆ ಮುಂದೊಂದು, ಹಿಂದೊಂದು ಪಿನ್ ಚೌಕಟ್ಟಿನೊಳಗೆ ಹೋಗುತ್ತದೆ. ಇಷ್ಟು ಸಾಕೇ, ಇನ್ನೊಂದು ಚಿಲಕ ಬೇಕೇ?

ಉತ್ತರ: ಬೇಕೇ ಬೇಕು. ಆದರೆ ಚಿಲಕ ತರುವ ಮೊದಲು ಹಿಂದಿನ ಪಿನ್ ತೂತಿನೊಳಗೆ ನಿಜವಾಗಿಯೂ ಹೋಗುತ್ತಿದೆಯೇ ನೋಡಿ. ತೆಳು ಫೈಬರ್ ಕದ ಬಾಗುತ್ತದೆ. ಅದರ ಹಿಂದಿನ ಕೆಳಮೂಲೆ ಬೆರಳಷ್ಟು ಹೊರಗೆ ಉಳಿದರೂ ಹ್ಯಾಂಡಲ್ ಪೂರ್ತಿ ತಿರುಗಿ ಕೂರುತ್ತದೆ. ಪಿನ್ ಮಾತ್ರ ತೂತು ತಪ್ಪಿ ಪಕ್ಕದಲ್ಲಿ ನಿಂತಿರುತ್ತದೆ. ಒಳಗೆ ಕೂತವರಿಗೆ ಕದ ಹಾಕಿದಂತೆಯೇ ಕಾಣುತ್ತದೆ. ಇದೇ ಬಗೆಯ ಕದಗಳಿರುವ ನಾಲ್ಕು ಸೀಟಿನ ಆರ್‌ವಿ-10 ಕಿಟ್ ವಿಮಾನಗಳಲ್ಲಿ ಕದ ಹಾರಾಟದಲ್ಲೇ ಕಿತ್ತುಹೋದದ್ದುಂಟು. ಆಮೇಲೆ ತಯಾರಕರು ಪಿನ್ನುಗಳ ಜತೆಗೆ ಬೇರೆಯೇ ಒಂದು ಸುರಕ್ಷಾ ಕೊಂಡಿಯನ್ನೂ ಸೇರಿಸಿದರು.

ಕದವನ್ನು ಹೊರಗೆಳೆಯುವುದು ಗಾಳಿ. ಕ್ಯಾಬಿನ್ನಿನ ಉಬ್ಬಿದ ಪಕ್ಕದಲ್ಲಿ ಗಾಳಿ ವೇಗ ಪಡೆಯುತ್ತದೆ, ಹೊರಗಿನ ಒತ್ತಡ ಒಳಗಿನದಕ್ಕಿಂತ ತಗ್ಗುತ್ತದೆ. 0.8 ಚದರ ಮೀಟರಿನ ಕದ, ಒತ್ತಡದ ಗುಣಾಂಕ (ಹೊರಗಿನ ಒತ್ತಡ ಎಷ್ಟು ತಗ್ಗುತ್ತದೆಂಬ ಅಳತೆ) ಮೈನಸ್ 0.5 ಎಂದಿಟ್ಟುಕೊಂಡರೆ 100 ನಾಟ್‌ನಲ್ಲಿ (ಗಂಟೆಗೆ 185 ಕಿ.ಮೀ.) ಸುಮಾರು 66 ಕೆ.ಜಿ. ಎಳೆತ. 130 ನಾಟ್‌ಗೆ ಅದು 112 ಕೆ.ಜಿ. ಆಗುತ್ತದೆ, ಏಕೆಂದರೆ ಎಳೆತ ಏರುವುದು ವೇಗದ ವರ್ಗದಂತೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ವಿಮಾನದ ಗರಿಷ್ಠ ವೇಗವನ್ನೇ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಸುಮಾರು 2,500 ಅಡಿ ಎತ್ತರದಲ್ಲಿದೆಯೆಂದು ತಿದ್ದುಪಡಿ ಮಾಡಬೇಕಿಲ್ಲ, ವಿಮಾನದ ವೇಗಮಾಪಕ ತೋರಿಸುವ ವೇಗವೇ ಸಾಕು. ಸೆಸ್ನಾ ವಿಮಾನದಂತೆ ಬಿಜಾಗರಿ ಮುಂದಿದ್ದರೆ ಚಿಲಕ ಬಿಟ್ಟರೂ ಎದುರುಗಾಳಿ ಕದವನ್ನು ಒತ್ತಿಹಿಡಿದು ಎರಡು ಬೆರಳು ಸಂದಿಯಷ್ಟೇ ಉಳಿಯುತ್ತದೆ. ನಿಮ್ಮ ಕದಕ್ಕೆ ಆ ಆಸರೆ ಇಲ್ಲ. ಕೆಳ ಅಂಚು ಬಿಟ್ಟಿತೆಂದರೆ ಇಡೀ ಕದ ಮೇಲೇಳುತ್ತದೆ, ಕಿತ್ತರೆ ಬಾಲಕ್ಕೆ ಬಡಿಯಬಹುದು.

ಪಿನ್ನಿನ ಮೂತಿ ಚೂಪಾಗಿರುವುದು ಒಳ್ಳೆಯದೇ, ಕದವನ್ನು ಒಳಗೆಳೆದುಕೊಳ್ಳುತ್ತದೆ. ಆದರೆ ಹಿಡಿತ ಅಳೆಯುವಾಗ ಆ ಚೂಪು ಭಾಗ ಬಿಟ್ಟುಬಿಡಿ. ಮೂತಿಯ ಹಿಂದಿನ ನೇರ ಭಾಗವೇ ಕನಿಷ್ಠ 12 ಮಿ.ಮೀ. ತೂತಿನೊಳಗೆ ಇರಬೇಕೆಂಬುದು ನಮ್ಮ ಅಭಿಪ್ರಾಯ. ಫೈಬರಿನಲ್ಲೇ ಕೊರೆದ ತೂತು ಕಂಪನಕ್ಕೆ ಮೊಟ್ಟೆಯಾಕಾರ ತಾಳುತ್ತದೆ, ಆದ್ದರಿಂದ 3 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿಗೆ ಬುಷ್ (ಪಿನ್ ತೂರುವ ಲೋಹದ ಕೊಳವೆ) ಕೂರಿಸಿ ಚೌಕಟ್ಟಿಗೆ ಬೋಲ್ಟ್ ಮಾಡಿ. ತಿರುಗುವ ಕೀಲುಗಳಿಗೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರವಿರುವುದು) ಬೇಡ. ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್, ಅದು ಸಡಿಲವಾಗದಂತೆ ಸೀಳಿನಲ್ಲಿ ತೂರಿಸುವ ಒಂದು ಕಾಟರ್ ಪಿನ್ ಹಾಕಿ. ಬಿಜಾಗರಿಯ ಉದ್ದ ಸರಳು ಜಾರಿ ಹೊರಬರದಂತೆ ಸೇಫ್ಟಿ ವೈರ್ ಕಟ್ಟಿ. ಮೂಲೆ ಉಬ್ಬುವುದಕ್ಕೆ ಬಹಳ ಸಲ ಕಾರಣ ದಪ್ಪ ರಬ್ಬರ್ ಸೀಲ್. ಪಿನ್ ಬಿಗಿಯಾಯಿತೆಂದು ತೂತು ದೊಡ್ಡದು ಮಾಡಬೇಡಿ, ಸೀಲ್ ತೆಳ್ಳಗಿನದು ಹಾಕಿ. ಗ್ರೀಸಿಗೆ ನಮ್ಮ ಕೆಂಪು ದೂಳು, ಆಚೆ ವಿಜಯಪುರ–ಬಾಗಲಕೋಟೆಯ ಎರೆಮಣ್ಣಿನ ದೂಳು ಮೆತ್ತಿ ಅರೆಯುವ ಪೇಸ್ಟಾಗುತ್ತದೆ. ಪಿನ್ನಿಗೆ ಗ್ರಾಫೈಟ್ ಪುಡಿ ಸಾಕು.

ಎರಡನೆಯ ಚಿಲಕ ಹ್ಯಾಂಡಲಿನಿಂದ ಪಿನ್ನುಗಳಿಗೆ ಹೋಗುವ ಸಲಾಕೆಗೇ ಜೋಡಿಸಿದ್ದಾಗಿರಬಾರದು. ಸಲಾಕೆ ಮುರಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕದದ ಕೆಳ ಅಂಚಿನ ನಡುವೆ, ಒಳಚೌಕಟ್ಟಿಗೆ ತಾನಾಗಿ ಸಿಕ್ಕಿಕೊಳ್ಳುವ ಸ್ಪ್ರಿಂಗ್ ಕೊಂಡಿ ಇಡಿ. ಎರಡೂ ಸೀಟಿನಿಂದ ಕೈಗೆಟುಕಬೇಕು, ಹೊರಗಿನಿಂದಲೂ ಬಿಚ್ಚುವಂತಿರಬೇಕು. ಅಪಘಾತದಲ್ಲಿ ಕಾಪಾಡಲು ಓಡಿಬರುವ ರೈತನಿಗೆ ನಿಮ್ಮ ಚಿಲಕದ ಗುಟ್ಟು ಗೊತ್ತಿರುವುದಿಲ್ಲ. ಬಾಣದ ಗುರುತು ಬಳಿದು ‘ಇಲ್ಲಿ ಎಳೆಯಿರಿ’ ಎಂದು ಕನ್ನಡದಲ್ಲಿ ಬರೆಸಿ. ವಿಮಾನ ಮಗುಚಿದರೆ ಮೇಲಕ್ಕೆ ತೆರೆಯುವ ಕದ ತೆರೆಯಲಾರದು, ಆಗ ಕಿಟಕಿ ಒಡೆಯಬೇಕು. ಅಕ್ರಿಲಿಕ್ ಸುತ್ತಿಗೆಗೆ ಒಡೆಯುತ್ತದೆ, ಪಾಲಿಕಾರ್ಬೊನೇಟ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಕಿಟಕಿ ಕೊಳ್ಳುವಾಗಲೇ ಇದನ್ನು ಯೋಚಿಸಿ.

ಎಚ್ಚರಿಕೆ ದೀಪದ ಸ್ವಿಚ್ಚನ್ನು ಹ್ಯಾಂಡಲಿನ ಬಳಿ ಇಟ್ಟರೆ ಅದೂ ಹ್ಯಾಂಡಲಿನಂತೆಯೇ ಸುಳ್ಳು ಹೇಳುತ್ತದೆ. ಪ್ರತಿ ಪಿನ್ನಿನ ತುದಿಯಲ್ಲಿ ಸಣ್ಣ ಅಯಸ್ಕಾಂತ, ತೂತಿನಾಚೆ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್). ಎರಡು ಕದಗಳ ನಾಲ್ಕೂ ಸ್ವಿಚ್ಚುಗಳನ್ನು ಸಾಲಾಗಿ ಜೋಡಿಸಿ ಕೊನೆಗೊಂದು ಹಸಿರು ದೀಪ. ನಾಲ್ಕೂ ಪಿನ್ ಕೂತರೆ ಮಾತ್ರ ದೀಪ ಹೊತ್ತುತ್ತದೆ. ವೈರು ತುಂಡಾದರೂ ದೀಪ ಸುಟ್ಟರೂ ಹಸಿರು ಕಾಣದು. ಹಸಿರಿಲ್ಲದೆ ರನ್‌ವೇಯಲ್ಲಿ ಮೇಲೇರುವ ಓಟ ಶುರುಮಾಡಬೇಡಿ.

ಹಾರುವ ಮುಂಚೆ ಭಾರದ ಪರೀಕ್ಷೆ ಆಗಲೇಬೇಕು. ಅದೇ ಬಿಜಾಗರಿ, ಅದೇ ಪಿನ್ನುಗಳು, ಅದೇ ಬುಷ್‌ಗಳಿರುವ ಚೌಕಟ್ಟಿನಲ್ಲಿ ಕದದ ಹೊರಮೈ ಕೆಳಗೆ ಮಾಡಿ ಕೂರಿಸಿ. ನಿಮ್ಮ ಗರಿಷ್ಠ ವೇಗ 130 ನಾಟ್ ಎಂದುಕೊಂಡರೆ, 112 ಕೆ.ಜಿ.ಯನ್ನು 1.5ರ ಸುರಕ್ಷಾ ಅಂಶದಿಂದ ಗುಣಿಸಿದಾಗ 168 ಕೆ.ಜಿ. ತೂಗಿದ 25 ಕೆ.ಜಿ.ಯ ಏಳು ಮರಳು ಚೀಲಗಳನ್ನು ಒಳಮೈ ಮೇಲೆ ಸಮನಾಗಿ ಹರಡಿ. ಎರಡನೆಯ ಚಿಲಕ ಬಿಚ್ಚಿಟ್ಟು ಒಮ್ಮೆ, ಹಾಕಿ ಒಮ್ಮೆ. ಚೀಲ ತೆಗೆದ ಮೇಲೆ ಪಿನ್ ಬಾಗಿದ್ದರೆ ಅಥವಾ ಫೈಬರ್ ಬೆಳ್ಳಗಾಗಿದ್ದರೆ ಆ ಭಾಗ ಹೊಸದಾಗಿ ಮಾಡಿ.

ಬೇಸಿಗೆಯ ಅಪಾಯ ಬೇರೆ. ಬಿಸಿಲಲ್ಲಿ ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ನಡೆಸುವಾಗ, ಸೆಕೆ ತಾಳದೆ ಕದ ಅರ್ಧ ತೆರೆದಿಡುತ್ತಾರೆ, ಓಟದ ಹೊತ್ತಿಗೆ ಮರೆಯುತ್ತಾರೆ. ಕದ ಎತ್ತಿಹಿಡಿಯುವ ಗ್ಯಾಸ್ ಸ್ಟ್ರಟ್ ಕೂಡ 15 ಡಿಗ್ರಿಗಿಂತ 42 ಡಿಗ್ರಿಯಲ್ಲಿ ಶೇ. 9ರಷ್ಟು ಜೋರಾಗಿ ತಳ್ಳುತ್ತದೆ. ಟ್ಯಾಕ್ಸಿಗೆ ಗಾಳಿಕಿಂಡಿ ಕೊಡಿ, ಕದ ಹಾಕಿಯೇ ಎಂಜಿನ್ ಹಚ್ಚಿ. ಹಾಕಿದ ಮೇಲೆ ಹಿಂದಿನ ಕೆಳಮೂಲೆಯನ್ನು ಅಂಗೈಯಿಂದ ಹೊರಕ್ಕೆ ಬಲವಾಗಿ ತಳ್ಳಿ ನೋಡಿ.

ಇಷ್ಟಾಗಿಯೂ ಗಾಳಿಯಲ್ಲಿ ಕದ ಬಿಟ್ಟರೆ? ಮುಂದೆ ಸಾಕಷ್ಟು ರನ್‌ವೇ ಉಳಿದಿದ್ದರೆ ಓಟ ನಿಲ್ಲಿಸಿ. ಮೇಲೇರಿದ್ದರೆ ಕದದ ಗೊಡವೆಗೆ ಹೋಗಬೇಡಿ. ಮೂಗು ಮತ್ತು ವೇಗ ಹತೋಟಿಯಲ್ಲಿಟ್ಟುಕೊಂಡು, ಸ್ಟಾಲಿಗೆ (ವೇಗ ತೀರ ತಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದಕ್ಕೆ) ಹತ್ತಿರವಾಗದಂತೆ ವೇಗ ತಗ್ಗಿಸಿ, ಅಗಲವಾದ ಸುತ್ತು ಹಾಕಿ ಇಳಿಯಿರಿ. ಸದ್ದಿಗೆ ಬೆದರಿ ಒಂದು ಕೈಯಲ್ಲಿ ಕದ ಎಳೆಯುತ್ತ ವಿಮಾನವನ್ನೇ ಮರೆತದ್ದರಿಂದ ಆದ ಅಪಘಾತಗಳಿವೆ. ಪಕ್ಕದಲ್ಲಿ ಕೂರುವವರಿಗೂ ಹೊರಡುವ ಮುಂಚೆಯೇ ಇದನ್ನು ಹೇಳಿರಿ: ಬೆಲ್ಟ್ ಬಿಚ್ಚಬಾರದು, ಕದ ಮುಟ್ಟಬಾರದು.